ಬಾರದೆ ಉಳಿದ ಪತ್ರಗಳು

“ಗುರುಗಳೇ, ಕೆಲಸವೊಂದನ್ನೇ ನೋಡಿ ಮನುಷ್ಯನನ್ನು ಅಳೆಯುವ ಕಡೆ, ನಡತೆಗೆ ಬೇರೆ ನಿಯಮ ಏಕೆ ಬೇಕು?”

ಶಿಷ್ಯ ಹೀಗೆ ಕೇಳಿದ. ಅವನು ಮುಕ್ತ ತಂತ್ರಾಂಶ ಬರೆಯುವ ಒಂದು ಗುಂಪಿಗೆ ಸೇರಿದವನು. ಅಂಥ ತಂತ್ರಾಂಶದ ಒಳಗಿನ ಬರಹ, ಅಂದರೆ ಕೋಡ್, ಬಚ್ಚಿಟ್ಟದ್ದಲ್ಲ. ಯಾರು ಬೇಕಾದರೂ ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಅವನ ಗುಂಪಿನಲ್ಲಿ ಆರು ತಿಂಗಳಿಂದ ಒಂದು ವಾದ ನಡೆದಿತ್ತು. ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳಬೇಕೆಂದು ಬರೆದಿಡೋಣ ಎಂದು ಕೆಲವರು ಹೇಳುತ್ತಿದ್ದರು. ಒಳ್ಳೆಯ ಕೆಲಸವಿದ್ದರೆ ಸಾಕು, ಬೇರೆ ಬರಹ ಬೇಡ ಎಂದು ಉಳಿದವರು ಹೇಳುತ್ತಿದ್ದರು. ಶಿಷ್ಯ ಉಳಿದವರ ಕಡೆಗಿದ್ದ.

ಗುರುಗಳು ಅವನನ್ನು ಕೂರಲು ಹೇಳಿದರು. ಅವರೂ ಒಂದು ಕಾಲದಲ್ಲಿ ಇಂಥ ಗುಂಪುಗಳಲ್ಲಿ ಕೆಲಸ ಮಾಡಿದವರು. ವಾದಕ್ಕೆ ಇಳಿಯದೆ ಈ ಕತೆ ಹೇಳಿದರು.

ಚಿತ್ರದುರ್ಗದಲ್ಲಿ ತಿಪ್ಪೇಶ ಎಂಬವನಿದ್ದ. ಅವನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಬಿಡುವಿದ್ದಾಗ ತಂತ್ರಾಂಶ ಬರೆಯುತ್ತಿದ್ದ. ಬರೆಯುವುದನ್ನು ತಾನೇ ಕಲಿತಿದ್ದ. ಡಿಪ್ಲೊಮಾದ ಕೊನೆಯ ವರ್ಷ ಇಂಗ್ಲಿಷಿನಲ್ಲಿ ನಪಾಸಾಗಿ ಅವನ ಓದು ಅಲ್ಲಿಗೇ ನಿಂತಿತ್ತು. ಒಮ್ಮೆ ಒಂದು ಕಂಪನಿಯವರು ಪರೀಕ್ಷೆಗೆ ಕರೆದರು. ಬಂದಿದ್ದ ಅರವತ್ತು ಮಂದಿಯಲ್ಲಿ ಅವನೊಬ್ಬನ ಬರಹ ಮಾತ್ರ ಒಂದೂ ತಪ್ಪಿಲ್ಲದೆ ನಡೆಯಿತು. ಆಮೇಲೆ ಅವನನ್ನು ಒಳಗೆ ಕೂರಿಸಿ ಮಾತನಾಡಿಸಿದರು. ಕೆಲಸವೇನೋ ಚೆನ್ನಾಗಿದೆ, ಮಾತು ಮತ್ತು ರೀತಿ ನಮ್ಮಲ್ಲಿಗೆ ಹೊಂದುವುದಿಲ್ಲ ಎಂದು ಹೇಳಿ ಕಳಿಸಿದರು. ರೀತಿ ಎಂಬ ಮಾತು ಅವನ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಆ ಮಾತನ್ನು ಯಾರು ಆಡಿದರೂ ಅವನಿಗೆ ಸೇರುತ್ತಿರಲಿಲ್ಲ.

ಅದೇ ಕಾಲಕ್ಕೆ ತುಮಕೂರಿನಲ್ಲಿ ಶ್ರೀಕಂಠಯ್ಯ ಎಂಬ ನಿವೃತ್ತ ಮೇಷ್ಟರು ಒಂದು ತಂತ್ರಾಂಶವನ್ನು ಕಟ್ಟುತ್ತಿದ್ದರು. ಅದು ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕಣ್ಣು ಕಾಣದವರು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಬಂದದ್ದನ್ನು ತಾವೇ ಕೇಳಿ ತಿಳಿಯಲಿ ಎಂಬುದು ಅವರ ಉದ್ದೇಶ. ಅದರೊಳಗಿನ ಬರಹವನ್ನು ಅವರು ಎಲ್ಲರಿಗೂ ತೆರೆದಿಟ್ಟಿದ್ದರು. ಮೊದಲ ಪುಟದಲ್ಲಿ ಎರಡು ಸಾಲು ಬರೆದಿದ್ದರು. ಇಲ್ಲಿ ಕೆಲಸವನ್ನು ಮಾತ್ರ ನೋಡುತ್ತೇವೆ. ಯಾರು, ಎಲ್ಲಿಯವರು, ಏನು ಓದಿದವರು ಎಂದು ಕೇಳುವುದಿಲ್ಲ.

ತಿಪ್ಪೇಶ ಆ ಎರಡು ಸಾಲನ್ನು ಓದಿ ಒಂದು ತಿದ್ದುಪಡಿ ಕಳಿಸಿದ. ಅದರಲ್ಲಿ ತಪ್ಪುಗಳಿದ್ದವು. ಶ್ರೀಕಂಠಯ್ಯ ಮೊದಲು, ಕಳಿಸಿದ್ದಕ್ಕೆ ಸಂತೋಷವಾಯಿತೆಂದು ಬರೆದರು. ಆಮೇಲೆ ಒಂದೊಂದೇ ತಪ್ಪನ್ನು ತೋರಿಸಿ, ಅದು ಏಕೆ ತಪ್ಪು ಎಂದು ವಿವರಿಸಿದರು. ಹೀಗೆ ಒಂಬತ್ತು ದಿನ ಪತ್ರಗಳು ಹೋಗಿ ಬಂದವು. ಹತ್ತನೆಯ ದಿನ ತಿದ್ದುಪಡಿ ಸೇರಿತು. ಕಟ್ಟಿದವರ ಪಟ್ಟಿಯಲ್ಲಿ ಅವನ ಹೆಸರು ಬಂತು. ಅವನು ಆ ಹೆಸರನ್ನು ಎರಡು ಮೂರು ಸಲ ನೋಡಿದ. ಅಂದು ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದ. ಏನು ವಿಶೇಷ ಎಂದು ಕೇಳಿದವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ, ಒಂದು ಕಡೆ ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದ.

ಆ ಎರಡು ಸಾಲಿನ ನಿಯಮಕ್ಕೆ ಅವನು ಋಣಿಯಾಗಿದ್ದ. ಲೋಕದಲ್ಲಿ ತನ್ನನ್ನು ಹೊರಗೆ ನಿಲ್ಲಿಸದ ಜಾಗ ಅದೊಂದೇ ಎಂದು ತಿಳಿದಿದ್ದ. ಆರು ವರ್ಷ ಮನಸ್ಸಿಟ್ಟು ದುಡಿದ. ಗುಂಪಿನಲ್ಲಿ ಬೇರೆ ಬೇರೆ ಊರಿನ ಮೂವತ್ತು ಮಂದಿ ಇದ್ದರು. ಉಳಿದವರೆಲ್ಲ ಸೇರಿ ಮಾಡುವಷ್ಟು ಕೆಲಸವನ್ನು ಅವನೊಬ್ಬನೇ ಮಾಡುತ್ತಿದ್ದ. ಶ್ರೀಕಂಠಯ್ಯ ತೀರಿಕೊಂಡ ಮೇಲೆ ಎಲ್ಲರೂ ಸೇರಿ ತಂತ್ರಾಂಶವನ್ನು ಅವನ ಕೈಗೆ ಒಪ್ಪಿಸಿದರು. ಆಮೇಲೆ ಯಾವ ತಿದ್ದುಪಡಿ ಸೇರಬೇಕು, ಯಾವುದು ಬೇಡ ಎಂಬುದು ಅವನ ತೀರ್ಮಾನವಾಯಿತು.

ಅವನು ಯಾರಿಗೂ ಪಕ್ಷಪಾತ ಮಾಡಲಿಲ್ಲ. ಆದರೆ ಅವನ ಮಾತು ಬಿರುಸು. ಕೆಲಸ ಕೆಟ್ಟಿದ್ದರೆ ಮಾಡಿದವನೇ ಕೆಟ್ಟವನೆಂಬಂತೆ ಬರೆಯುತ್ತಿದ್ದ. ಅವನು ತೋರಿಸಿದ ತಪ್ಪು ಬಹುಪಾಲು ನಿಜವಾಗಿರುತ್ತಿತ್ತು. ಆದ್ದರಿಂದ ಅವನ ಮಾತನ್ನು ಯಾರೂ ತಡೆಯಲಿಲ್ಲ.

ಒಂದು ದಿನ ಬೀದರಿನಿಂದ ಒಂದು ಪತ್ರ ಬಂತು. ಕೆಳಗೆ ‘ಮೆ., ಬೀದರ್’ ಎಂದಿಷ್ಟೇ ಇತ್ತು. ತಂತ್ರಾಂಶ ಅಂಕಿಗಳನ್ನು ತಪ್ಪಾಗಿ ಓದುತ್ತಿದೆ ಎಂದು ಬರೆದಿದ್ದರು. ಮೂರೂವರೆ ಎಂಬುದನ್ನು 3.5 ಎಂದು ಅಂಕಿಯಲ್ಲಿ ಬರೆದು, ಅದರ ಮುಂದೆ ಕಿ.ಮೀ. ಎಂದು ಚುಕ್ಕೆ ಹಾಕಿ ಬರೆದರೆ, ಅಂಕಿಯ ನಡುವಿನ ಚುಕ್ಕೆ ಬಿಟ್ಟುಹೋಗಿ ಮೂವತ್ತೈದು ಎಂದು ಕೇಳಿಸುತ್ತದೆ. ನಲವತ್ತು ವಾಕ್ಯಗಳಲ್ಲಿ ಪರೀಕ್ಷಿಸಿದ್ದೇನೆ, ನಲವತ್ತರಲ್ಲೂ ಹೀಗೇ ಆಗಿದೆ ಎಂದು ವಿವರ ಕೊಟ್ಟಿದ್ದರು.

ಕಿ.ಮೀ., ಮಿ.ಲೀ. ಮುಂತಾದ ಮಾತುಗಳ ಚುಕ್ಕೆಗಳನ್ನು ಓದದೆ ಬಿಡುವಂತೆ ಮಾಡಿದವನು ತಿಪ್ಪೇಶನೇ. ಅದನ್ನು ಚೆನ್ನಾಗಿ ಮಾಡಿದ್ದೇನೆಂಬ ಹೆಮ್ಮೆ ಅವನಿಗಿತ್ತು. ಪತ್ರವನ್ನು ಅರ್ಧ ಓದಿದ. ಅಂಕಿಯೊಂದನ್ನೇ ಬರೆದು ಓದಿಸಿ ನೋಡಿದ. ತಂತ್ರಾಂಶ ಮೂರೂವರೆ ಎಂದು ಸರಿಯಾಗಿಯೇ ಓದಿತು. ಅಂದು ಅಂಗಡಿಯಲ್ಲಿ ಬಹಳ ಕೆಲಸವಿತ್ತು. ಅವನು ಕೂಡಲೇ ಉತ್ತರ ಬರೆದ.

“ನೋಡಿದೆ, ತಪ್ಪಿಲ್ಲ. ಕಿವಿಗೊಟ್ಟು ಕೇಳಲು ಬಾರದವರು ಹೀಗೆ ಬರೆದು ಕೆಲಸ ಮಾಡುವವರ ಹೊತ್ತು ಹಾಳು ಮಾಡಬಾರದು. ತಿದ್ದಿದ ಕೋಡ್ ಇದ್ದರೆ ಕಳಿಸಿ. ಇಲ್ಲದಿದ್ದರೆ ಸುಮ್ಮನಿರಿ.”

ಬೀದರಿನಿಂದ ಮರುಪತ್ರ ಬರಲಿಲ್ಲ. ತಿಪ್ಪೇಶ ಅದನ್ನು ಅಂದೇ ಮರೆತ.

ಗುಂಪಿನಲ್ಲಿ ಮಡಿಕೇರಿಯ ದೇಚಮ್ಮ ಎಂಬವರಿದ್ದರು. ಹೊಸಬರು ಬರೆದ ಪತ್ರಗಳನ್ನು ವಿಂಗಡಿಸುವುದು ಅವರ ಪಾಲಿನ ಕೆಲಸ. ಆರೇಳು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಒಂದು ಸಂಗತಿ ಕಂಡಿತು. ಜನ ಒಮ್ಮೆ ಬರೆಯುತ್ತಾರೆ, ಎರಡನೆಯ ಸಲ ಬರೆಯುವುದಿಲ್ಲ. ಅವರು ಇದನ್ನು ಗುಂಪಿನ ಮುಂದಿಟ್ಟರು. ಬೇರೆ ದೇಶದ ಗುಂಪೊಂದರ ನಡತೆಯ ನಿಯಮಗಳನ್ನು ಕನ್ನಡಕ್ಕೆ ತಂದು, ಹನ್ನೊಂದು ಪುಟಗಳ ಕರಡನ್ನೂ ಕಳಿಸಿದರು.

ಅಲ್ಲಿಂದ ವಾದ ಶುರುವಾಯಿತು. ಒಂದು ಮಾತು ತಡೆದುಕೊಳ್ಳಲಾರದವರು ಕೆಲಸದ ಭಾರ ಹೇಗೆ ಹೊರುತ್ತಾರೆ ಎಂದು ಕೆಲವರು ಕೇಳಿದರು. ಕೆಲಸ ಮಾಡಲು ಬಂದವರು ಬೈಗುಳ ಏಕೆ ತಿನ್ನಬೇಕು ಎಂದು ಕೆಲವರು ಕೇಳಿದರು. ನಿಯಮ ಬಂದರೆ ಕೆಲಸ ಬಾರದವರು ನಿಯಮ ಹಿಡಿದು ಆಳುತ್ತಾರೆ ಎಂದು ಒಬ್ಬರು ಹೆದರಿದರು. ತಿಂಗಳುಗಳು ಹೋದವು. ತಂತ್ರಾಂಶದ ಕೆಲಸ ನಿಂತಲ್ಲೇ ನಿಂತಿತು.

ತಿಪ್ಪೇಶ ಬಹಳ ದಿನ ಸುಮ್ಮನಿದ್ದು, ಕೊನೆಗೆ ಒಂದು ದೊಡ್ಡ ಪತ್ರ ಬರೆದ. ಕಂಪನಿಯವರು ತನ್ನನ್ನು ಹಿಂದಕ್ಕೆ ಕಳಿಸಿದ ಸಂಗತಿಯನ್ನು ಅದರಲ್ಲಿ ಮೊದಲ ಬಾರಿಗೆ ಹೇಳಿದ. ರೀತಿ ಕೇಳಿದ ಕಡೆಯೆಲ್ಲ ನನ್ನಂಥವರು ಬಾಗಿಲ ಹೊರಗೆ ನಿಂತಿದ್ದೇವೆ, ಕೆಲಸ ಕೇಳಿದ ಈ ಒಂದು ಕಡೆ ಮಾತ್ರ ಒಳಗೆ ಬಂದಿದ್ದೇವೆ ಎಂದು ಬರೆದ. ಇಲ್ಲಿಗೂ ರೀತಿಯನ್ನು ತಂದರೆ ತಾನು ಬಿಟ್ಟುಹೋಗುವುದಾಗಿ ತಿಳಿಸಿದ.

ಆ ಪತ್ರ ಓದಿ ದೇಚಮ್ಮನಿಗೆ ಕಷ್ಟವಾಯಿತು. ಅದರಲ್ಲಿ ಸುಳ್ಳಿರಲಿಲ್ಲ. ತಮ್ಮ ಹನ್ನೊಂದು ಪುಟಗಳನ್ನು ತೆರೆದು ಅವನ ಕಣ್ಣಿನಿಂದ ಓದಲು ಪ್ರಯತ್ನಿಸಿದರು. ಹಲವು ವಾಕ್ಯಗಳು ಅವರಿಗೇ ಅರ್ಥವಾಗಲಿಲ್ಲ. ಹೊಸಪೇಟೆಯಲ್ಲಿ ನಡೆಯುವ ವರ್ಷದ ಸಭೆಯಲ್ಲಿ ಎಲ್ಲರೂ ಮುಖಾಮುಖಿ ಕೂತು ತೀರ್ಮಾನಿಸೋಣ ಎಂದು ಉತ್ತರಿಸಿದರು. ಸಭೆಗೆ ಇನ್ನೂ ಐದು ವಾರ ಇತ್ತು.

ಅಷ್ಟರಲ್ಲಿ ಶಹಾಪುರದಿಂದ ಒಂದು ಪತ್ರ ಬಂತು. ಬರೆದವನು ಸಾಬಣ್ಣ. ಅವನಿಗೂ ಅವನ ಹೆಂಡತಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರ ಒಂದೂವರೆ ವರ್ಷದ ಮಗಳಿಗೆ ಜ್ವರ ಬಂದಿತ್ತು. ಡಾಕ್ಟರು ಔಷಧದ ಅಳತೆಯನ್ನು ಫೋನಿಗೆ ಬರೆದು ಕಳಿಸಿದ್ದರು. ಅದರಲ್ಲಿ ಎರಡೂವರೆ ಎಂದು ಅಂಕಿಯಲ್ಲಿ ಬರೆದು ಮುಂದೆ ಮಿ.ಲೀ. ಎಂದಿತ್ತು. ತಂತ್ರಾಂಶ ಇಪ್ಪತ್ತೈದು ಎಂದು ಓದಿತು. ಬಹಳವಾಯಿತಲ್ಲ ಎಂದು ಸಾಬಣ್ಣನಿಗೆ ಅನ್ನಿಸಿ ಮತ್ತೆ ಓದಿಸಿದ. ಮತ್ತೆಯೂ ಇಪ್ಪತ್ತೈದೇ ಎಂದಿತು. ಗಂಡಹೆಂಡಿರು ಅಳೆದು ಕುಡಿಸಿದರು. ಸ್ವಲ್ಪ ಹೊತ್ತಿಗೆ ಮಗು ವಾಂತಿ ಮಾಡಿಕೊಂಡು ನಿಸ್ತೇಜವಾಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ನಾಲ್ಕು ದಿನದ ಮೇಲೆ ಮಗು ಚೇತರಿಸಿಕೊಂಡು ಮನೆಗೆ ಬಂತು.

ಸಾಬಣ್ಣ ಸಿಟ್ಟಿನಿಂದ ಬರೆದಿರಲಿಲ್ಲ. ಮಗು ಉಳಿಯಿತು, ನಿಮಗೆಲ್ಲ ಒಳ್ಳೆಯದಾಗಲಿ, ಇನ್ನೊಬ್ಬರ ಮಗುವಿಗೆ ಹೀಗಾಗದಂತೆ ನೋಡಿಕೊಳ್ಳಿ ಎಂದು ಬರೆದಿದ್ದ.

ತಿಪ್ಪೇಶ ಅಂಗಡಿಯಿಂದ ರಜೆ ಕೇಳಿಕೊಂಡು ಮನೆಗೆ ಬಂದ. ಡಾಕ್ಟರ ಸಾಲನ್ನು ಇದ್ದ ಹಾಗೆಯೇ ಬರೆದು ಓದಿಸಿದ. ತಂತ್ರಾಂಶ ಇಪ್ಪತ್ತೈದು ಎಂದಿತು. ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯಲು ಅವನಿಗೆ ಒಂದು ಗಂಟೆ ಸಾಕಾಯಿತು. ತಿದ್ದಲು ಕಾಲು ಗಂಟೆ. ತಿದ್ದಿ, ಎಲ್ಲರೂ ಕೂಡಲೇ ಹೊಸದನ್ನು ಹಾಕಿಕೊಳ್ಳಬೇಕೆಂದು ಪ್ರಕಟಣೆ ಹೊರಡಿಸಿದ. ಆಮೇಲೆ ಈ ತಪ್ಪನ್ನು ಹಿಂದೆ ಯಾರಾದರೂ ಹೇಳಿದ್ದರೇ ಎಂದು ಗುಂಪಿನ ಹಳೆಯ ಪತ್ರಗಳಲ್ಲಿ ಹುಡುಕಿದ.

ಬೀದರಿನ ಪತ್ರ ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದಿನದು. ಈಗ ತಾನು ಕಂಡುಹಿಡಿದದ್ದೆಲ್ಲ ಅದರಲ್ಲಿ ಆಗಲೇ ಇತ್ತು. ಕೆಳಗೆ ಅವನ ಉತ್ತರವೂ ಇತ್ತು.

ಅವನು ಎರಡನ್ನೂ ಮತ್ತೊಮ್ಮೆ ಓದಿದ. ಆಮೇಲೆ ಆ ವಿಳಾಸಕ್ಕೆ ಬರೆದು, ತಾನು ಬಂದು ಕಾಣಬಹುದೇ ಎಂದು ಕೇಳಿದ. ಬನ್ನಿ ಎಂದು ಉತ್ತರ ಬಂತು. ಜೊತೆಗೆ ಒಂದು ಶಾಲೆಯ ಹೆಸರು, ದಾರಿ, ಬಸ್ಸು ಇಳಿಯುವ ಜಾಗ ಇತ್ತು.

ಮಾರನೆಯ ವಾರ ಅವನು ಬೀದರಿಗೆ ಹೋದ. ಅದು ಕಣ್ಣು ಕಾಣದ ಮಕ್ಕಳ ಶಾಲೆ. ಪತ್ರ ಬರೆದವರು ಅಲ್ಲಿನ ಗಣಿತದ ಟೀಚರು, ಹೆಸರು ಮೆಹರುನ್ನೀಸಾ. ಅವರಿಗೂ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ತಿಪ್ಪೇಶ ಬಾಗಿಲಲ್ಲೇ ನಿಂತ. ಕಿವಿಗೊಟ್ಟು ಕೇಳಲು ಬಾರದವರು ಎಂದು ತಾನು ಯಾರಿಗೆ ಬರೆದಿದ್ದೆ ಎಂಬುದು ಅವನಿಗೆ ಆಗ ಗೊತ್ತಾಯಿತು.

ಮೆಹರುನ್ನೀಸಾ ಅವನನ್ನು ಕರೆದು ಕೂರಿಸಿ ನೀರು ಕೊಟ್ಟರು. ಅವನು ಶಹಾಪುರದ ಸಂಗತಿ ಹೇಳಿ ಕ್ಷಮೆ ಕೇಳಿದ. ಅವರು ಮೊದಲು ಕೇಳಿದ್ದು ಮಗು ಈಗ ಹೇಗಿದೆ ಎಂದು. ಚೆನ್ನಾಗಿದೆ ಎಂದು ತಿಳಿದ ಮೇಲೆ ದೇವರಿಗೆ ವಂದನೆ ಹೇಳಿದರು.

“ಒಂದು ಮಾತು ಕೇಳಬೇಕು. ನೀವು ಹೇಳಿದ್ದು ಸರಿಯಾಗಿತ್ತು. ಮತ್ತೊಂದು ಸಲ ಯಾಕೆ ಬರೀಲಿಲ್ಲ?” ಎಂದ ತಿಪ್ಪೇಶ.

“ಸುಮ್ಮನಿರಿ ಅಂತ ಬರೆದಿದ್ರಿ. ಅದು ನಿಮ್ಮ ಗುಂಪಿನ ನಿಯಮ ಅಂದ್ಕೊಂಡೆ.”

“ನಮ್ಮಲ್ಲಿ ಅಂಥ ನಿಯಮ ಇಲ್ಲ.”

“ಇರಬಹುದು. ನನಗೆ ಬಂದು ಮುಟ್ಟಿದ್ದು ಅದೊಂದೇ.”

ಮೆಹರುನ್ನೀಸಾ ಉಳಿದದ್ದನ್ನು ಹೇಳಿದರು. ಕಲಬುರಗಿ, ರಾಯಚೂರು, ಸುರಪುರಗಳಲ್ಲಿ ಅವರಿಗೆ ಗೊತ್ತಿದ್ದ, ಕಣ್ಣು ಕಾಣದ ಟೀಚರುಗಳು ಏಳು ಮಂದಿ ಇದ್ದರು. ಏಳು ಮಂದಿಗೂ ಆ ತಪ್ಪು ಕೇಳಿಸಿತ್ತು. ಬರೆಯೋಣವೇ ಎಂದು ಅವರು ಕೇಳಿದಾಗ, ಬೇಡ, ಅಲ್ಲಿ ಕೋಡ್ ಬರೆಯದವರ ಪತ್ರ ತೆಗೆದುಕೊಳ್ಳುವುದಿಲ್ಲ ಎಂದು ಮೆಹರುನ್ನೀಸಾ ಹೇಳಿದ್ದರು. ತಮ್ಮ ತಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಎಚ್ಚರ ಹೇಳಿಕೊಟ್ಟಿದ್ದರು. ಅಂಕಿ ಬಂದರೆ ಮೂರು, ಚುಕ್ಕೆ, ಐದು ಎಂದು ಒಂದೊಂದೇ ಗುರುತಾಗಿ ಓದಿಸಿಕೊಳ್ಳಿ, ಒಟ್ಟಿಗೆ ಓದಿದ್ದನ್ನು ನಂಬಬೇಡಿ ಎಂದು. ಆ ಮಕ್ಕಳಿಗೆಲ್ಲ ಅದು ಗೊತ್ತಿತ್ತು. ಸಾಬಣ್ಣ ಆ ಶಾಲೆಗಳಲ್ಲಿ ಓದಿದವನಲ್ಲ.

ಸಿಟ್ಟು ಬರಲಿಲ್ಲವೇ ಎಂದು ತಿಪ್ಪೇಶ ಕೇಳಿದ. ಒಂದು ದಿನ ಬಂದಿತ್ತು ಎಂದರು ಮೆಹರುನ್ನೀಸಾ. ಮೊದಲು ಅವರಿಗೆ ದಿನಪತ್ರಿಕೆಯನ್ನು ತಂಗಿ ಓದಿ ಹೇಳುತ್ತಿದ್ದಳಂತೆ. ತಂಗಿ ತನಗೆ ಹಿಡಿಸಿದ್ದನ್ನು ಓದಿ ಉಳಿದ ಪುಟಗಳನ್ನು ಹಾರಿಸುತ್ತಿದ್ದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಈ ತಂತ್ರಾಂಶ ಬಂದ ಮೇಲೆ ಅವರು ಮೊದಲ ಬಾರಿಗೆ ಒಂದು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಾವೇ ಓದಿದ್ದರು. ಪೇಟೆ ಧಾರಣೆ, ಟೆಂಡರು ಪ್ರಕಟಣೆ ಯಾವುದನ್ನೂ ಬಿಟ್ಟಿರಲಿಲ್ಲ. ಇಷ್ಟು ಕೊಟ್ಟವರ ಮೇಲೆ ಒಂದು ಮಾತಿಗಾಗಿ ಹೇಗೆ ಜಗಳ ತೆಗೆಯಲಿ, ಕೊಟ್ಟದ್ದಕ್ಕೆ ಋಣಿಯಾಗಿ ಸುಮ್ಮನಿದ್ದೆ ಎಂದರು.

ತಿಪ್ಪೇಶ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದ.

ಮೆಹರುನ್ನೀಸಾ ತಲೆಯಾಡಿಸಿದರು. “ಅದು ಬೇಡ. ಗೊತ್ತಿದ್ದರೆ ಕನಿಕರಪಟ್ಟು ನನ್ನ ತಪ್ಪನ್ನೂ ಸರಿ ಅಂತಿದ್ರಿ. ನಾನು ಹೇಳಿದ್ದು ಸರಿಯೋ ತಪ್ಪೋ, ಅಷ್ಟೇ ನೋಡಿ. ಯಾರು ಅಂತ ಕೇಳದೇ ಇರೋ ನಿಮ್ಮ ನಿಯಮ ನನಗೂ ಬೇಕು. ಆದರೆ ಯಾರು ಅಂತ ಗೊತ್ತಿಲ್ಲದವರ ಜೊತೆ ಇನ್ನೂ ಸ್ವಲ್ಪ ಹುಷಾರಾಗಿ ಮಾತಾಡಬೇಕಲ್ಲ.”

ಆಮೇಲೆ ಅವರು ಒಂದು ಪೆಟ್ಟಿಗೆ ತೆಗೆದರು. ಅದರಲ್ಲಿ ಬ್ರೈಲ್ ಅಕ್ಷರದ ಹಾಳೆಗಳಿದ್ದವು. ಪತ್ರ ಬರೆಯುವುದನ್ನು ಬಿಟ್ಟಿದ್ದರೂ ಕೇಳಿಸಿದ ತಪ್ಪುಗಳನ್ನು ಗುರುತು ಹಾಕಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ಪೂರ್ತಿ ಅವರು ಬೆರಳಾಡಿಸಿ ಓದಿದರು, ತಿಪ್ಪೇಶ ಕೂತು ಬರೆದುಕೊಂಡ. ನಡುವೆ ಶಾಲೆಯ ಅಡಿಗೆಮನೆಯಿಂದ ಇಬ್ಬರಿಗೂ ರೊಟ್ಟಿ, ಬೇಳೆ ಬಂತು. ಒಟ್ಟು ನಲವತ್ತೊಂದು ತಪ್ಪುಗಳಾದವು. ಹೊರಡುವಾಗ ತಿಪ್ಪೇಶ ಅವರನ್ನು ಹೊಸಪೇಟೆಯ ಸಭೆಗೆ ಕರೆದ. ಪರೀಕ್ಷೆಯ ದಿನಗಳು, ಬರಲಾಗುವುದಿಲ್ಲ ಎಂದರು.

ಹೊಸಪೇಟೆಯ ಒಂದು ಗ್ರಂಥಾಲಯದ ಕೋಣೆಯಲ್ಲಿ ಸಭೆ ಸೇರಿತು. ಹತ್ತೊಂಬತ್ತು ಮಂದಿ ಬಂದಿದ್ದರು. ತಿಪ್ಪೇಶ ಬಿಟ್ಟುಹೋಗುತ್ತಾನೋ, ದೇಚಮ್ಮ ಬಿಟ್ಟುಹೋಗುತ್ತಾರೋ ಎಂದು ಎಲ್ಲರೂ ಕಾದಿದ್ದರು. ತಿಪ್ಪೇಶ ಎದ್ದು ನಿಂತು ಮೊದಲು ಬೀದರಿನ ಪತ್ರ ಓದಿದ. ಆಮೇಲೆ ತನ್ನ ಉತ್ತರ ಓದಿದ. ಆಮೇಲೆ ಶಹಾಪುರದ ಪತ್ರ ಓದಿದ. ಓದಿ ಮುಗಿಸಿ ಹೀಗೆಂದ.

“ಶ್ರೀಕಂಠಯ್ಯನವರು ನಿಯಮವನ್ನು ಬರೆದಿಟ್ಟು ಹೋದರು. ತಾವು ನಡೆದುಕೊಂಡ ರೀತಿಯನ್ನು ಬರೆದಿಡಲಿಲ್ಲ. ನನ್ನನ್ನು ಇಲ್ಲಿಗೆ ಸೇರಿಸಿದ್ದು ಆ ಎರಡೂ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನಾನು ಕಳೆದೆ.”

ಅವನು ಕೂತ. ಆಗ ದೇಚಮ್ಮ ಎದ್ದು ತಮ್ಮ ಹನ್ನೊಂದು ಪುಟಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಅವನ ದೊಡ್ಡ ಪತ್ರ ಓದದೆ ಇದ್ದಿದ್ದರೆ, ನಯದ ಮಾತು ಬಾರದವರಿಗೆ ಬಾಗಿಲು ಹಾಕುವ ನಿಯಮವನ್ನು ತಾನು ತಿಳಿಯದೆ ತಂದುಬಿಡುತ್ತಿದ್ದೆ, ಅದನ್ನು ಬರೆದದ್ದಕ್ಕೆ ಋಣಿಯಾಗಿದ್ದೇನೆ ಎಂದರು.

ಆ ದಿನವೆಲ್ಲ ಕೂತು ಒಂದೇ ಪುಟ ಬರೆದರು. ಮೇಲೆ ಶ್ರೀಕಂಠಯ್ಯನವರ ಎರಡು ಸಾಲು ಹಾಗೆಯೇ ಉಳಿದವು. ಕೆಳಗೆ ಹೊಸ ಸಾಲುಗಳು ಸೇರಿದವು. ಪತ್ರ ಬರೆದವರಿಗೆ ಮೊದಲು ವಂದನೆ ಹೇಳಬೇಕು. ತಪ್ಪು ಕೆಲಸದಲ್ಲಿದ್ದರೆ ಕೆಲಸದ ಬಗ್ಗೆ ಹೇಳಬೇಕು, ಮಾಡಿದವರ ಬಗ್ಗೆ ಅಲ್ಲ. ಒರಟು ಭಾಷೆ ತಪ್ಪಲ್ಲ, ಹೀಯಾಳಿಕೆ ತಪ್ಪು. ಕೇಳಿ ತಪ್ಪು ಹೇಳುವುದೂ ಕೋಡ್ ಬರೆದಷ್ಟೇ ಕೆಲಸ. ಈ ಪುಟವನ್ನು ಯಾರು ಮೀರಿದರೂ, ತಂತ್ರಾಂಶ ನೋಡಿಕೊಳ್ಳುವವನೇ ಮೀರಿದರೂ, ಗುಂಪಿನ ಯಾವ ಇಬ್ಬರಾದರೂ ಅವರನ್ನು ತಡೆಯಬಹುದು.

ಎಲ್ಲರೂ ಒಪ್ಪಲಿಲ್ಲ. ಬಹಳ ಹಳಬನಾದ ಒಬ್ಬ ತನಗೆ ಇದು ಸರಿಯೆನಿಸುವುದಿಲ್ಲ ಎಂದು ಹೇಳಿ ಗುಂಪು ಬಿಟ್ಟ. ಅವನ ಕೆಲಸ ಒಳ್ಳೆಯದಾಗಿತ್ತು. ಅದು ನಷ್ಟವೇ. ಅವನು ಮಾಡಿದ ಕೆಲಸಕ್ಕೆಲ್ಲ ಗುಂಪಿನವರು ವಂದನೆಯ ಪತ್ರ ಬರೆದು, ಬೇಕೆನಿಸಿದಾಗ ಮರಳಿ ಬರಬಹುದೆಂದು ತಿಳಿಸಿದರು. ಅವನು ಬರಲಿಲ್ಲ.

ತಿಪ್ಪೇಶನ ನಾಲಗೆಯೂ ಒಂದೇ ದಿನದಲ್ಲಿ ಪಳಗಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ಹೊಸಬನಿಗೆ ಅವನು ಮತ್ತೆ ಬಿರುಸಾಗಿ ಬರೆದ. ದೇಚಮ್ಮನೂ ಇನ್ನೊಬ್ಬರೂ ತಡೆದರು. ಅರ್ಧ ದಿನ ಉತ್ತರಿಸದೆ ಇದ್ದ. ಆಮೇಲೆ ಎಲ್ಲರಿಗೂ ಕಾಣುವಂತೆ ಆ ಹೊಸಬನ ಕ್ಷಮೆ ಕೇಳಿ, ಅವನ ಕೆಲಸವನ್ನು ಮತ್ತೆ ಮೊದಲಿನಿಂದ ನೋಡಿದ. ಕೆಲಸದಲ್ಲಿ ತಪ್ಪಿತ್ತು. ಅದನ್ನೂ ಹೇಳಿದ. ಹೊಸಬ ತಿದ್ದಿ ಕಳಿಸಿದ.

ಮೆಹರುನ್ನೀಸಾ ಹೇಳಿದ ನಲವತ್ತೊಂದರಲ್ಲಿ ಮೂವತ್ತೆಂಟು ನಿಜವಾದ ತಪ್ಪುಗಳು. ಮೂರು ಅಲ್ಲ. ಆ ಮೂರನ್ನು ಏಕೆ ತಿದ್ದುವುದಿಲ್ಲ ಎಂದು ತಿಪ್ಪೇಶ ವಿವರಿಸಿ ಬರೆದ. ಎರಡನ್ನು ಅವರು ಕೂಡಲೇ ಒಪ್ಪಿದರು. ಒಂದರ ಮೇಲೆ ಆರು ಪತ್ರ ವಾದ ಮಾಡಿ ಆಮೇಲೆ ಒಪ್ಪಿದರು. ವಾದ ಮಾಡಿದ್ದಕ್ಕೆ ಅವನು ವಂದನೆ ಹೇಳಿದ. ಬಿಡದೆ ಉತ್ತರಿಸಿದ್ದಕ್ಕೆ ಅವರೂ ಹೇಳಿದರು.

ಏಳು ಮಂದಿ ಟೀಚರುಗಳೂ ಬರೆಯತೊಡಗಿದರು. ಅವರ ಹಿಂದೆ ಅವರ ಪರಿಚಯದವರು ಬರೆದರು. ಕಣ್ಣು ಕಾಣುವ ಮೂವತ್ತು ಮಂದಿಗೆ ಇಷ್ಟು ವರ್ಷಗಳಲ್ಲಿ ತಿಳಿಯದ ತಪ್ಪುಗಳು ಒಂದು ವರ್ಷದಲ್ಲಿ ತಿಳಿದುಬಂದವು. ತಂತ್ರಾಂಶ ಮೊದಲಿಗಿಂತ ಬಹಳ ಚೆನ್ನಾಗಿ ಓದತೊಡಗಿತು. ಶಹಾಪುರದ ಮಗು ದೊಡ್ಡದಾಗಿ ಅಂಗನವಾಡಿಗೆ ಸೇರಿತು. ಸಾಬಣ್ಣ ಅದನ್ನು ತಿಳಿಸಿ ಬರೆದಾಗ ತಿಪ್ಪೇಶ ಆ ಪತ್ರವನ್ನು ಗುಂಪಿನ ಎಲ್ಲರಿಗೂ ಕಳಿಸಿದ.

ಮುಂದಿನ ವರ್ಷ ಕಟ್ಟಿದವರ ಪಟ್ಟಿಯನ್ನು ಹೊಸದಾಗಿ ಬರೆದರು. ಕೋಡ್ ಬರೆಯದೆ ತಪ್ಪು ಹೇಳಿದವರ ಹೆಸರುಗಳೂ ಅದರಲ್ಲಿ ಸೇರಿದವು. ಮೆಹರುನ್ನೀಸಾ ಆ ಪಟ್ಟಿಯನ್ನು ತಂತ್ರಾಂಶದಿಂದ ಓದಿಸಿ ಕೇಳಿದರು. ತಮ್ಮ ಹೆಸರು ಬಂದಾಗ ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಅದು ಅವರ ಹೆಸರಿನ ಒತ್ತಕ್ಷರವನ್ನು ಸರಿಯಾಗಿ ಹೇಳಲಿಲ್ಲ. ಅವರು ನಗುತ್ತಾ ಕೂತು ಆ ತಪ್ಪನ್ನೂ ಬರೆದು ಕಳಿಸಿದರು. ತಿಪ್ಪೇಶ ವಂದನೆ ಹೇಳಿ ಅಂದೇ ತಿದ್ದಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೈಮುಗಿದ. ಕತೆ ಹೇಳಿದ್ದಕ್ಕೆ ಉಪಕಾರವಾಯಿತು, ತಿಪ್ಪೇಶನ ಸಂಕಟವೂ ಟೀಚರ ಸಂಕಟವೂ ಅರ್ಥವಾಯಿತು ಎಂದ. ಇನ್ನೊಂದು ಮಾತನ್ನೂ ಸೇರಿಸಿದ. “ಆದರೆ ಗುರುಗಳೇ, ನಮ್ಮ ಗುಂಪಿನಲ್ಲಿ ನನ್ನ ಮಾತಿನಿಂದ ನೋವಾಯಿತೆಂದು ಇದುವರೆಗೆ ಯಾರೂ ಹೇಳಿಲ್ಲ.”

“ಮೆಹರುನ್ನೀಸಾ ಕೂಡ ಹೇಳಿರಲಿಲ್ಲ,” ಎಂದರು ಗುರುಗಳು.

ಶಿಷ್ಯ ಫೋನು ತೆಗೆದು, ತನ್ನ ಉತ್ತರ ಬಂದ ಮೇಲೆ ಮತ್ತೆ ಬರೆಯದವರು ಯಾರು ಎಂದು ಗುಂಪಿನ ಹಳೆಯ ಪತ್ರಗಳಲ್ಲಿ ಹುಡುಕತೊಡಗಿದ.